ಎಸಿ ಕಮ್ಮಿ ಮಾಡು

ಎರಡು ತಿಂಗಳಿಂದ ಶುಭಾಂಗಿಯ ಮೇಲೆ ಒಂದು ಆರೋಪವಿತ್ತು. ಅತ್ತೆ ರಾಚವ್ವನ ಕಣ್ಣಿನ ಆಪರೇಷನ್ ಎರಡು ಸಲ ಮುಂದಕ್ಕೆ ಹೋದದ್ದು ಅವಳಿಂದಲೇ ಅಂತ. ಅವಳಿಂದ ಅಂದರೆ, ಅವಳು ಕಾರಿನಲ್ಲಿ ಹಚ್ಚಿದ ಎಸಿಯಿಂದ. ಎರಡು ಸಲವೂ ಮುಂಬಯಿಯ ವಡಾಲದ ಆಸ್ಪತ್ರೆಯ ಬಾಗಿಲು ದಾಟುತ್ತಿದ್ದಂತೆ ರಾಚವ್ವ ಖೊಕ್ ಖೊಕ್ ಎಂದು ಕೆಮ್ಮಿದ್ದಳು. ಕೆಮ್ಮುವವರ ಕಣ್ಣಿಗೆ ಕೈ ಹಚ್ಚುವುದಿಲ್ಲ, ವಾಸಿಯಾದ ಮೇಲೆ ಬನ್ನಿ ಎಂದು ಡಾಕ್ಟರು ಎರಡು ಸಲವೂ ಮನೆಗೆ ಕಳಿಸಿದ್ದರು. "ಥಂಡಿಯಾಗ ಯಾರರೆ ಎಸಿ ಹಚ್ಚತಾರೇನ?" ಎಂದು ಆಂಟಾಪ್ ಹಿಲ್‌ನಲ್ಲಿದ್ದ ನಾದಿನಿ ವಿನೋದಿನಿ ಫೋನಿನಲ್ಲೇ ತೀರ್ಪು ಕೊಟ್ಟಳು. ಜೋಗೇಶ್ವರಿಯ ಅವರ ಬಿಲ್ಡಿಂಗಿನ ಎಲ್ಲ ಮಹಡಿಗೂ ಸುದ್ದಿ ಹೋಯಿತು. ಲಿಫ್ಟಿನಲ್ಲಿ ಸಿಕ್ಕವರು ಮೊದಲು ಅತ್ತೆಯ ಕೆಮ್ಮು ವಿಚಾರಿಸಿ, ಆಮೇಲೆ ಸೊಸೆಯ ಮುಖ ನೋಡುತ್ತಿದ್ದರು.

ಇವತ್ತು ಮೂರನೆಯ ಸಲ. ಇದೂ ತಪ್ಪಿದರೆ ಮತ್ತೆ ಏಪ್ರಿಲ್‌ಗೆ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅಷ್ಟರೊಳಗೆ ಪೊರೆ ಇನ್ನೂ ಬಲಿಯುತ್ತದೆ. ರಾಚವ್ವನಿಗೆ ಬೆಳಕು ಕಾಣುವುದು ಬಲಗಣ್ಣು ಒಂದರಿಂದಲೇ. ಎಡಗಣ್ಣು ವಿಜಯಪುರದ ಕಡೆಯ ಹಳ್ಳಿಯಲ್ಲಿದ್ದಾಗಲೇ ಹೋಗಿತ್ತು. ಅದು ಹಳೆಯ ಮಾತು, ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಈಗ ಬಲಗಣ್ಣಿಗೂ ಮಂಜು ಕವಿದು, ಹೋದ ವಾರ ರೊಟ್ಟಿ ತಿರುವಿ ಹಾಕಲು ಹೋಗಿ ಮುದುಕಿ ಕಾದ ಹಂಚಿನ ಮೇಲೆಯೇ ಕೈ ಊರಿದ್ದಳು. ಮೂರು ಬೆರಳು ಬೊಬ್ಬೆ ಎದ್ದಿದ್ದವು.

ಮುಂಬಯಿಯಲ್ಲಿ ಆ ಮುಂಜಾನೆ ಹದಿನೈದು ಡಿಗ್ರಿ. ಬೇರೆ ಊರಿನವರಿಗೆ ಇದು ಚಳಿಯೇ ಅಲ್ಲ. ಆದರೆ ಮುಂಬಯಿಯವರಿಗೆ ಇಷ್ಟೇ ಸಾಕು, ಕಪಾಟಿನ ತಳದಲ್ಲಿದ್ದ ಸ್ವೆಟರೆಲ್ಲ ಹೊರಗೆ ಬರುತ್ತವೆ. ವಾಚ್‌ಮನ್ ಗೇಟಿನ ಬಳಿ ರಟ್ಟಿನ ಪೆಟ್ಟಿಗೆ ಸುಟ್ಟು ಕೈ ಕಾಯಿಸುತ್ತಿದ್ದ. ರಾಚವ್ವನಿಗೆ ಎರಡು ಸ್ವೆಟರು, ಮಂಕಿ ಕ್ಯಾಪು, ಮೇಲೊಂದು ಕೌದಿ ಹೊದಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದ್ದಾಯಿತು. ಸ್ಟೇರಿಂಗು ಶುಭಾಂಗಿಯದು, ಅವಳ ಗಂಡ ಶಶಿಕಾಂತ ಪಕ್ಕದಲ್ಲಿ ಕುಳಿತ. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ಅದೊಂದು ಬಿಟ್ಟರೆ ಕಾರಿನ ಬಗ್ಗೆ ಅವನಿಗೆ ಗೊತ್ತಿಲ್ಲದ್ದೇ ಇಲ್ಲ! ಆಫೀಸಿನ ಗೆಳೆಯ ಕಿಶೋರ ಊಟದ ಹೊತ್ತಿನಲ್ಲಿ ಹೇಳಿದ್ದೆಲ್ಲ ಅವನಿಗೆ ಬಾಯಿಪಾಠ.

ಶುಭಾಂಗಿ ಓದಿದ್ದು ಕಾರಿನ ಜೊತೆ ಬಂದ ಪುಸ್ತಕ. ಆರೋಪ ಬಂದ ಮೇಲೆ ಹಟಕ್ಕೆ ಬಿದ್ದು ಪೂರ್ತಿ ಓದಿದ್ದಳು. ಎಸಿಯನ್ನು ಇಪ್ಪತ್ನಾಲ್ಕು ಡಿಗ್ರಿಗೆ ಇಟ್ಟು 'ಆಟೋ' ಒತ್ತಿ ಕೈ ಬಿಡಬೇಕು, ಅಷ್ಟೇ. ಒಳಗೆ ತಣ್ಣಗಿದ್ದರೆ ಅದೇ ಬಿಸಿ ಗಾಳಿ ಬಿಡುತ್ತದೆ, ಸೆಕೆಯಾದರೆ ಅದೇ ತಣ್ಣಗೆ ಮಾಡುತ್ತದೆ. ಕೈ ಬಿಡಬೇಕು ಎಂಬುದೇ ಮುಖ್ಯ. ಆದರೆ ಅವರ ಮನೆಯಲ್ಲಿ ಯಾವುದಕ್ಕಾದರೂ ಯಾರಾದರೂ ಕೈ ಬಿಟ್ಟದ್ದುಂಟೇ?

ಕಾರು ಗೇಟು ದಾಟಿ ಎರಡು ನಿಮಿಷ ಆಗಿರಲಿಲ್ಲ.

"ಗಾಳಿನಽ ಬರವಲ್ದಲ್ಲ. ಕೆಟ್ಟದ ಇದು," ಅಂದ ಶಶಿಕಾಂತ.

"ಕೆಟ್ಟಿಲ್ರಿ. ಎಂಜಿನ್ ಇನ್ನೂ ತಣ್ಣಗದ. ಅದು ಕಾಯೂತನಕಾ ಫ್ಯಾನ್ ಸುಮ್ಮನಿರ್ತದ. ಇಲ್ಲಂದ್ರ ತಣ್ಣನ್ ಗಾಳಿ ಮುಖಕ್ಕ ಹೊಡೀತದ. ಐದು ನಿಮಿಷ ತಡೀರಿ."

"ಕಿಶೋರ ಹೇಳ್ತಿದ್ದ, ಥಂಡಿಯಾಗ ಎಸಿ ಬಟನ್ ಬಂದ್ ಇಡಬೇಕಂತ," ಎಂದು ಶಶಿಕಾಂತ ಬೆರಳು ಚಾಚಿ ಟಕ್ಕನೆ ಒತ್ತಿಯೇ ಬಿಟ್ಟ.

ಹೈವೇ ಹತ್ತುವಷ್ಟರಲ್ಲಿ ಮುಂದಿನ ಗಾಜಿಗೆ ಒಳಗಿನಿಂದ ಉಗಿ ಹಿಡಿಯಿತು. ಮೂರು ಜನರ ಉಸಿರು, ಮುಚ್ಚಿದ ಕಿಟಕಿ, ಇನ್ನೇನಾಗುತ್ತದೆ? ಎದುರಿನ ಬಸ್ಸಿನ ಕೆಂಪು ದೀಪ ಕಲಸಿಹೋಗಿ ಬಸ್ಸು ಎಷ್ಟು ದೂರದಲ್ಲಿದೆ ಎಂಬುದೇ ತಿಳಿಯದಾಯಿತು. ಶುಭಾಂಗಿ ಸೆರಗಿನಿಂದ ಗಾಜು ಒರೆಸುತ್ತ ಬ್ರೇಕು ಒತ್ತಿದಳು. ಹಿಂದಿನ ಟ್ಯಾಂಕರಿನವನು ಹಾರ್ನಿನಲ್ಲೇ ಅವಳ ಏಳು ತಲೆಮಾರು ಜಾಲಾಡಿದ.

"ಎಸಿ ಬಂದ್ ಮಾಡಿದ್ರೇನು?" ಎಂದು ಕೂಗಿದಳು. "ಅದು ಗಾಳಿ ಒಣಗಸ್ತದ್ರಿ! ಅದು ಇದ್ರನಽ ಗಾಜು ತಿಳಿಯಾಗೂದು. ಎಸಿ ಹತ್ತಿದ್ರೂ ಗಾಳಿ ಬೆಚ್ಚಗ ಬರ್ತದ. ಎಷ್ಟ ಸಲ ಹೇಳ್ಬೇಕು ನಿಮಗ?"

"ಎಸಿ ಅಂದ ಮ್ಯಾಲ ಬೆಚ್ಚಗ ಹೆಂಗ ಬರ್ತದ?" ಅಂದ ಅವನು. ಅವನ ದನಿಯಲ್ಲಿ ಪ್ರಾಮಾಣಿಕ ಅನುಮಾನವಿತ್ತು. ಅದೇ ಅವಳಿಗೆ ತಡೆಯಲಾಗದ್ದು. ಬಟನ್ ತಾನೇ ಒತ್ತಿದಳು. ಅರ್ಧ ನಿಮಿಷದಲ್ಲಿ ಗಾಜು ತಿಳಿಯಾಯಿತು.

ಎಸಿ ಎಂಬ ಎರಡಕ್ಷರ ಹಿಂದಿನ ಸೀಟಿನ ಕಿವಿಗೆ ಬಿದ್ದಿತ್ತು. "ಯವ್ವಾ, ಮತ್ತ ಎಸಿ ಹಚ್ಚಿದ್ರೇನ? ನನಗ ನಡುಕ ಬರ್ಲಾಕತ್ತದ. ಶಶಿ, ಎಸಿ ಕಮ್ಮಿ ಮಾಡೊ!"

"ಮಾಡ್ತೀನಿ ತಡಿಯವ್ವಾ."

ಶುಭಾಂಗಿ ರಸ್ತೆ ನೋಡುತ್ತಿದ್ದಳು. ವಿಲೆಪಾರ್ಲೆ ಬರುವಷ್ಟರಲ್ಲಿ ರಾಚವ್ವ ಮತ್ತೆ ಕಮ್ಮಿ ಮಾಡು ಅಂದಳು, ಸಾಂತಾಕ್ರೂಜ್‌ನಲ್ಲಿ ಇನ್ನೊಮ್ಮೆ. ಪ್ರತಿ ಸಲವೂ ಶಶಿಕಾಂತ ವಿಧೇಯ ಮಗನಾಗಿ ಏನೋ ತಿರುವುತ್ತಿದ್ದ. ಶುಭಾಂಗಿಯ ಕಾಲ್ಬೆರಳುಗಳೇ ಮರಗಟ್ಟತೊಡಗಿದವು. ಇದೇನಪ್ಪ ಇವತ್ತು ಎಂದುಕೊಂಡು ಕಲಾನಗರದ ಸಿಗ್ನಲ್ಲಿನಲ್ಲಿ ನಿಂತಾಗ ನೋಡುತ್ತಾಳೆ, ಅಂಕಿ ಹದಿನೆಂಟು!

"ಹದಿನೆಂಟಕ್ಕ ಯಾರು ತಂದವ್ರು?"

"ಅವ್ವ ಕಮ್ಮಿ ಮಾಡಂದ್ಲು, ಕಮ್ಮಿ ಮಾಡಿದೆ. ಇಪ್ಪತ್ನಾಲ್ಕಿತ್ತು, ಹದಿನೆಂಟ ಮಾಡೀನಿ. ಇನ್ನೆಷ್ಟ ಕಮ್ಮಿ ಮಾಡ್ಲಿ?"

ಶುಭಾಂಗಿಯ ಪಿತ್ತ ನೆತ್ತಿಗೇರಿತು. "ಅಯ್ಯೋ ಶಿವನ! ಅದು ಫ್ಯಾನಿನ ರೆಗ್ಯುಲೇಟರ್ ಅಲ್ರಿ! ಅಂಕಿ ಕಮ್ಮಿ ಮಾಡಿದ್ರ ಥಂಡಿ ಜಾಸ್ತಿ ಆಗ್ತದ. ಥಂಡಿ ಕಮ್ಮಿ ಆಗ್ಬೇಕಂದ್ರ ಅಂಕಿ ಜಾಸ್ತಿ ಮಾಡ್ಬೇಕು. ಆ ಸಲಾನೂ ಹಿಂಗಽ ಮಾಡಿದ್ರೇನು?"

ಶಶಿಕಾಂತ ಸ್ವಲ್ಪ ಯೋಚಿಸಿದ. "ಅವ್ವ ಹೇಳಿದಷ್ಟು ಸಲ ಮಾಡೀನಿ," ಅಂದ.

ಅಂದರೆ ಎರಡು ಸಲವೂ ಮುದುಕಿಯನ್ನು ಹೆಪ್ಪುಗಟ್ಟಿಸಿದ್ದು ಈ ಮಹಾಶಯ, ಊರ ತುಂಬ ಹೆಸರು ಕೆಟ್ಟಿದ್ದು ತನ್ನದು. ಶುಭಾಂಗಿಗೆ ಅಲ್ಲೇ ಇಳಿದು ಲೋಕಲ್ ಹಿಡಿದು ಹೊರಟುಬಿಡೋಣ ಅನ್ನಿಸಿತು. ಅಂಕಿಯನ್ನು ಇಪ್ಪತ್ತೇಳಕ್ಕೆ ಏರಿಸಿ, "ಇನ್ನು ಇದಕ್ಕ ಕೈ ಹಚ್ಚಿದ್ರ ನೋಡ್ರಿ," ಎಂದಳು. ಶಶಿಕಾಂತ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡ.

ಧಾರಾವಿ ದಾಟುವಷ್ಟರಲ್ಲಿ ಕಾರಿನೊಳಗೆ ಹದವಾಗಿ ಬೆಚ್ಚಗಾಯಿತು. ಸಾಯನ್ ಬರುವಷ್ಟರಲ್ಲಿ ಸೆಕೆಯೇ ಆಗತೊಡಗಿತು. ಶಶಿಕಾಂತ ಸ್ವೆಟರು ಬಿಚ್ಚಿದ. ಶುಭಾಂಗಿಯ ಮೂಗಿನ ಮೇಲೆ ಬೆವರು. ಹಿಂದಿನಿಂದ ಮತ್ತದೇ ದನಿ, "ಎಸಿ ಕಮ್ಮಿ ಮಾಡೊ ಶಶಿ. ನಡುಕ ನಿಲ್ಲವಲ್ದು."

ಶುಭಾಂಗಿ ಇಂಡಿಕೇಟರ್ ಹಾಕಿ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದಳು. ಹೊರಳಿ ನೋಡಿದಳು. ಕೌದಿಯೊಳಗೆ ಮುದುಕಿ ನಿಜವಾಗಿಯೂ ಗಡಗಡ ನಡುಗುತ್ತಿದ್ದಳು. ಕೈ ಚಾಚಿ ಅವಳ ಕೈ ಹಿಡಿದಳು. ಅಂಗೈ ಬೆವತು ಒದ್ದೆಯಾಗಿತ್ತು.

"ಅತ್ತಿ, ನಿಮಗ ಥಂಡಿ ಎಲ್ಲಿ ಅದ? ಬೆವರಾಕತ್ತೀರಲ್ರಿ!" ಎಂದು ಗದರಿದಳು.

ರಾಚವ್ವ ಮಂಕಿ ಕ್ಯಾಪನ್ನು ಹಿಂದಕ್ಕೆ ಸರಿಸಿಕೊಂಡಳು. "ಥಂಡಿ ಅಲ್ಲವ್ವಾ ಶುಭಾ," ಅಂದಳು.

"ಮತ್ತೇನ್ರಿ?"

"ಅಂಜಿಕಿ."

ಶಶಿಕಾಂತ ಹಿಂದೆ ತಿರುಗಿದ. ರಾಚವ್ವ ಸೊಸೆಯ ಕೈಯನ್ನು ಬಿಡದೆ ಹೇಳಿದಳು: "ಎಡಗಣ್ಣಿಗೂ ಹಿಂಗಽ ಅಂದಿದ್ರವ್ವಾ. ಹತ್ತ ನಿಮಿಷದ ಕೆಲಸ, ಅಂಜಬ್ಯಾಡ ಅಂತ. ಊರ ಸಾಲಿಯೊಳಗ ಕಣ್ಣಿನ ಕ್ಯಾಂಪ್ ಹಾಕಿದ್ರು. ನಗಾಡ್ಕೋತ ಹೋಗಿ ಮಲಗಿದೆ. ಎಂಟನೇ ದಿನಕ್ಕ ಪಟ್ಟಿ ಬಿಚ್ಚಿದ್ರ, ಕತ್ತಲ. ಇನ್ನೂ ಪಟ್ಟಿ ತಗದಿಲ್ಲ ಅಂತ ತಿಳದು, ತಗೀರಿ ತಗೀರಿ ಅಂತ ಒದರ್ಕೋತ ಕುಂತಿದ್ದೆ."

"ಅದು ಹಳೀ ಮಾತಲ್ಲೇನ ಯವ್ವಾ," ಅಂದ ಶಶಿಕಾಂತ ಮೆಲ್ಲಗೆ.

"ನಿನಗ ಹಳೀದೋ. ನೀ ಆಗ ಮೂರ ವರ್ಷದಾವ."

ಶುಭಾಂಗಿಗೆ ಆಗ ಒಂದು ಅನುಮಾನ ಹೊಳೆಯಿತು. ಕೇಳಬಾರದು ಅಂದುಕೊಂಡಳು. ಕೇಳದೆ ಇರಲಾಗಲಿಲ್ಲ. "ಅತ್ತಿ, ಆ ಎರಡ ಸಲ ಕೆಮ್ಮಿದ್ರಲ್ಲ..."

"ಕೆಮ್ಮ ಬಂದಿರಲಿಲ್ಲ. ನಾನಽ ಕೆಮ್ಮಿದೆ," ಅಂದಳು ರಾಚವ್ವ. "ಕೆಮ್ಮಿದವರನ್ನ ವಾಪಸ್ ಕಳಸ್ತಾರ ಅಂತ ಮಗ್ಗಲ ಮನಿ ಕಸ್ತೂರಿಬಾಯಿ ಹೇಳಿದ್ಲು."

ಶುಭಾಂಗಿ ಸ್ಟೇರಿಂಗಿಗೆ ಗುದ್ದಿದಳು. ಹಾರ್ನು ಹೊಡೆದುಕೊಂಡಿತು, ಪಕ್ಕದಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ಲು ಸಮೇತ ಬೆಚ್ಚಿಬಿದ್ದ. "ಎರಡು ತಿಂಗಳು, ಅತ್ತಿ! ಇಡೀ ಬಿಲ್ಡಿಂಗ್ ನನಗ ಬಾಯಿಗೆ ಬಂದಂಗ ಅಂದದ. ಸೊಸಿ ಎಸಿ ಹಚ್ಚಿ ಅತ್ತಿ ಕಣ್ಣು ಕಳದ್ಲು ಅಂತ. ನಾನು ಆ ಪುಸ್ತಕಾ ಪೂರಾ ಓದೀನಿ! ನೀವು ಕೇಳ್ಕೋತ ಸುಮ್ಮನಿದ್ರಿ!"

"ಇದ್ದೆ. ತಪ್ಪು ಅಂತ ಗೊತ್ತಿತ್ತು. ಆದ್ರೂ ಇದ್ದೆ. ಹೇಳಿದ್ರ ಮರುದಿನಾನಽ ಎಳಕೊಂಡ ಹೋಗ್ತಿದ್ರಿ."

ಬೈಯಲು ಶುಭಾಂಗಿಯ ಬಾಯಲ್ಲಿ ಬೇಕಾದಷ್ಟು ಮಾತಿದ್ದವು. ಆದರೆ ಮುದುಕಿಯ ಸುಟ್ಟ ಬೆರಳುಗಳು ಅವಳ ಅಂಗೈಯೊಳಗೆ ಇನ್ನೂ ನಡುಗುತ್ತಲೇ ಇದ್ದವು. ಅಷ್ಟು ಓದಿದ್ದಳು, ಇಷ್ಟು ದಿನದಲ್ಲಿ ಒಮ್ಮೆಯಾದರೂ ಅತ್ತೆಯನ್ನು ಅಂಜಿಕೆಯೇನ್ರಿ ಎಂದು ಕೇಳಿರಲಿಲ್ಲ. ತನ್ನದೂ ತಪ್ಪೇ ಅನ್ನಿಸಿತು. ಸಿಟ್ಟೇನೂ ಇಳಿಯಲಿಲ್ಲ, ಎರಡೂ ಒಟ್ಟೊಟ್ಟಿಗೇ ಇದ್ದವು.

"ಇವತ್ತೂ ಕೆಮ್ಮಾವರಿದ್ರೇನು?"

"ಇದ್ದೆ."

"ಕೆಮ್ಮೂದಿದ್ರ ಕೆಮ್ಮ್ರಿ. ಕಣ್ಣು ನಿಮ್ಮದು, ನಾ ತಡಿಯೂದಿಲ್ಲ," ಅಂದಳು ಶುಭಾಂಗಿ. "ವಾಪಸ್ ಕರಕೊಂಡ ಬರ್ತೀನಿ. ಆದ್ರ ಎಸಿ ಹೆಸರು ಹೇಳಬ್ಯಾಡ್ರಿ. ಅಂಜಿಕಿ ಅಂದ್ರ ಅಂಜಿಕಿ ಅಂತನಽ ಅನ್ರಿ."

ಇಂಡಿಕೇಟರ್ ಹಾಕಿ ಕಾರನ್ನು ಮತ್ತೆ ವಡಾಲದ ದಾರಿಗೆ ತಂದಳು.

ಆಸ್ಪತ್ರೆಯ ನರ್ಸ್ ಶಿವಕುಮಾರಿ ವಿಜಯಪುರದ ಕಡೆಯವಳೇ. ರಾಚವ್ವನನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಫಾರ್ಮು ತುಂಬತೊಡಗಿದಳು. ಸಕ್ಕರೆ ಕಾಯಿಲೆ? ಇಲ್ಲ. ಬಿಪಿ? ಸ್ವಲ್ಪ. ಮುಂಜಾನೆಯಿಂದ ಏನಾದರೂ ತಿಂದಿದ್ದಾರಾ? ಇಲ್ಲ.

"ಕೆಮ್ಮ ಅದ ಏನಬೇ ಆಯಿ?"

ಶಶಿಕಾಂತ ನೆಲ ನೋಡಿದ. ರಾಚವ್ವನ ಎದೆ ಒಂದು ಸಲ ಮೇಲೆದ್ದಿತು, ಗಂಟಲು ಅಲುಗಿತು. ಬಾಯಿ ತೆರೆದಳು. ಶುಭಾಂಗಿ ನೋಡುತ್ತ ನಿಂತಳು. ಈಗ ಕೆಮ್ಮಿದರೆ ಏಪ್ರಿಲ್, ಅಷ್ಟೇ. ತಡೆಯುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು.

"ಕೆಮ್ಮಿಲ್ಲ," ಅಂದಳು ರಾಚವ್ವ. "ಅಂಜಿಕಿ ಅದ. ಅದನ್ನ ಬರಕೊ."

ಶಿವಕುಮಾರಿಯ ಪೆನ್ನು ನಿಂತಿತು. "ಅದಕ್ಕ ಇದರಾಗ ಜಾಗಾನಽ ಇಲ್ಲಬೇ ಆಯಿ," ಎಂದು ನಕ್ಕಳು.

"ಇಲ್ಲಂದ್ರ ಗೆರಿ ಹೊಡದು ಜಾಗಾ ಮಾಡ್ರಿ," ಎಂದಳು ಶುಭಾಂಗಿ, ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ. "ಡಾಕ್ಟರಿಗೆ ಓದಿ ಹೇಳ್ರಿ. ಹತ್ತ ನಿಮಿಷದ ಕೆಲಸ ಅಂತ ಅನ್ನಬ್ಯಾಡಂತ ಹೇಳ್ರಿ."

ನರ್ಸ್ ಮೂವರ ಮುಖವನ್ನೂ ನೋಡಿದಳು. ಅವಳ ನಗು ನಿಂತಿತು. ಫಾರ್ಮಿನ ಅಂಚಿನಲ್ಲಿ ಬರೆದುಕೊಂಡಳು. ಆಮೇಲೆ ರೂಢಿಯಂತೆ, ಕೆಮ್ಮಿಗೂ ಜ್ವರಕ್ಕೂ ಕೇಳುವ ಹಾಗೆಯೇ ಕೇಳಿದಳು: "ಎಷ್ಟ ದಿನದಿಂದ ಅದ?"

"ಮೂವತ್ತೊಂದು ವರ್ಷ ಆತವ್ವಾ," ಎಂದಳು ರಾಚವ್ವ, ಮತ್ತು ಎದ್ದು ನಿಂತು, ತನ್ನನ್ನು ಒಳಗೆ ಕರೆದುಕೊಂಡು ಹೋಗಲಿ ಎಂದು ಸೊಸೆಯತ್ತ ಕೈ ಚಾಚಿದಳು.