ಕೈ ಹಿಡಿದು ತಿದ್ದಿಸಿದವರು

ಚಿತ್ತಾಪುರದಲ್ಲಿ ಮೂರು ದಿನದ ತರಬೇತಿ ಮುಗಿದ ಸಂಜೆ ಶೈಲಶ್ರೀ ಬಂದು ನನ್ನ ಪಕ್ಕದಲ್ಲಿ ಕುಳಿತಳು. ತರಬೇತಿ ಎಂದರೆ ಗೊತ್ತಲ್ಲ. ಕಲಿಸಲೆಂದು ಒಂದನೆಯ ತರಗತಿಯ ಬಾಗಿಲನ್ನೂ ದಾಟದವರು, ಹದಿನೆಂಟು ವರ್ಷದಿಂದ ಓದು ಕಲಿಸುತ್ತಿರುವ ನಮಗೆ, ಓದು ಕಲಿಸುವುದು ಹೇಗೆಂದು ಪರದೆಯ ಮೇಲೆ ತೋರಿಸುವುದು. ನನಗೆ ತಲೆನೋವು ಬಂದಿತ್ತು. ಶೈಲಶ್ರೀ ಶಹಾಬಾದದ ಇನ್ನೊಂದು ಶಾಲೆಯ ಟೀಚರ್. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಮಾತಿನಲ್ಲಿ ಮೆತ್ತಗಿನವಳು.

"ರಾಧಿಕಾ ಟೀಚರ್, ನಮ್ಮ ಮಾವನೋರಿಗಿ ಓದಾಕ ಬರವಲ್ದ್ರಿ" ಅಂದಳು.

"ಕಣ್ಣಿಂದು ಏನರ ತೊಂದ್ರಿ ಅದ ಏನು?"

"ಕಣ್ಣು ಛಲೋ ಅದಾವ್ರಿ. ಮೂರು ತಿಂಗಳ ಹಿಂದ ಮೆದುಳಿನಾಗ ರಕ್ತ ಹೆಪ್ಪುಗಟ್ಟಿತ್ತು. ಕೈಕಾಲಿಗಿ ಏನೂ ಆಗಿಲ್ಲ, ಮಾತೂ ಛಲೋ ಅದ. ಬರೀರಿ ಅಂದ್ರ ಬರೀತಾರ. ತಾವೇ ಬರದದ್ದು ತೋರಿಸಿ ಓದ್ರಿ ಅಂದ್ರ, ಇದು ಯಾವ ಭಾಷಾ, ಯಾರು ಬರದಾರ ಅಂತಾರ."

ಕಲಬುರಗಿಯ ಡಾಕ್ಟರು ಒಂದು ದಾರಿ ಹೇಳಿದ್ದರಂತೆ. ಕಣ್ಣಿಗೆ ಅಕ್ಷರ ಮರೆತುಹೋಗಿದೆ, ಬೆರಳಿಗೆ ಇನ್ನೂ ನೆನಪಿದೆ. ಅಕ್ಷರದ ಮೇಲೆ ಬೆರಳು ಆಡಿಸಿದರೆ ಬೆರಳೇ ಮೆದುಳಿಗೆ ಹೇಳುತ್ತದೆ. ಆದರೆ ಮೆದುಳಿನ ಅದೇ ಪೆಟ್ಟಿನಿಂದ ಅವರಿಗೆ ಬಲಬದಿ ಕಾಣುವುದಿಲ್ಲ, ಬೆರಳು ದಾರಿ ತಪ್ಪುತ್ತದೆ, ಹಾಗಾಗಿ ಯಾರಾದರೂ ಬೆರಳು ಹಿಡಿದು ನಡೆಸಬೇಕು.

"ನೀನೇ ಟೀಚರ್ ಇದ್ದೀಯಲ್ಲವ್ವ, ಹಿಡಿ" ಅಂದೆ.

"ಸೊಸಿ ಇದ್ದೀನ್ರಿ. ಮಾವನ ಕೈ ಹ್ಯಾಂಗ ಹಿಡೀಲಿ? ಅವರೇ ಬ್ಯಾಡ ಅಂದ್ರು. ನಮ್ಮ ಮನಿಯವರು ವಾಡಿ ಫ್ಯಾಕ್ಟರಿಯಾಗ ಶಿಫ್ಟಿನ ಮ್ಯಾಲ ಇರ್ತಾರ. ಅತ್ತಿಯವರಿಗಿ ಅಕ್ಷರಾನೇ ಬರೂದಿಲ್ಲ. ಮೂವತ್ತಾರು ವರ್ಷ ಮಾಸ್ತರಿಕಿ ಮಾಡಿದೋರ್ರಿ ಮಾವ, ಪೇಪರ್ ಮುಂದಿಟ್ಕೊಂಡು ಅಳ್ತಾರ."

"ಎಲ್ಲಿ ಮಾಸ್ತರ್ ಇದ್ರು?"

"ಭಂಕೂರದಾಗ ಭಾಳ ವರ್ಷ ಇದ್ರು. ನಾಗೇಂದ್ರಪ್ಪ ಅಂತ."

ನಾನು ಬ್ಯಾಗಿನ ಜಿಪ್ಪು ಹಾಕಿದೆ, ಮತ್ತೆ ತೆಗೆದೆ, ಮತ್ತೆ ಹಾಕಿದೆ. ಅವಳಿಗೆ ಏನು ಗೊತ್ತಿತ್ತು, ಪಾಪ.

ನಾನು ಓದಿದ ಭಂಕೂರದ ಶಾಲೆಯಲ್ಲಿ ಫರ್ಸಿ ಕಲ್ಲಿನ ನೆಲದ ಮೇಲೆ ಉಸುಕು ಹರಡಿ ಒಂದನೆಯ ತರಗತಿಯವರನ್ನು ಸಾಲಾಗಿ ಕೂಡಿಸುತ್ತಿದ್ದರು. ನಾಗೇಂದ್ರಪ್ಪ ಮಾಸ್ತರ್ ಒಂದೊಂದು ಮಗುವಿನ ಹಿಂದೆ ಮೊಣಕಾಲೂರಿ, ಅದರ ತೋರುಬೆರಳನ್ನು ತಮ್ಮ ಮುಷ್ಟಿಯಲ್ಲಿ ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಬೆರಳು ಹೊರಟಾಗ ಬಾಯಿ ಹೊರಡಬೇಕು, ಬೆರಳು ನಿಂತಾಗ ಬಾಯಿ ನಿಲ್ಲಬೇಕು. ಅವರ ಕೈಯಲ್ಲಿ ಪಳಗಿದ ಮಕ್ಕಳು ದೀಪಾವಳಿಯೊಳಗೆ ಓದುತ್ತಾರೆ ಎಂದು ಸುತ್ತಲಿನ ಹಳ್ಳಿಗೆಲ್ಲ ಹೆಸರಿತ್ತು. ಆ ಹೆಸರು ಸುಳ್ಳಲ್ಲ.

ಗೋಡೆಯ ಕಡೆಯ ಸಾಲಿನಲ್ಲಿ ನಾವು ಆರು ಜನ, ನಮ್ಮ ಕೇರಿಯವರು. ನಮ್ಮ ಹಿಂದೆ ಅವರು ಎಂದೂ ಮೊಣಕಾಲೂರಲಿಲ್ಲ. ನಾವು ಬಂದು ಕೂಡುವ ಮೊದಲೇ ಕೋಲಿನ ತುದಿಯಿಂದ ಉಸುಕಿನಲ್ಲಿ ಆರು ಅಕ್ಷರ ಗೀಚಿಟ್ಟಿರುತ್ತಿದ್ದರು. "ಹೂಂ, ತಿದ್ದ್ರಿ" ಎಂದು ದೂರದಿಂದ ಹೇಳಿದರೆ ಅವರ ಕೆಲಸ ಮುಗಿಯಿತು. ಬೈಯುತ್ತಿರಲಿಲ್ಲ. ಹೊಡೆದದ್ದುಂಟು. ಕೋಲಿಗೆ ಮೈಲಿಗೆ ಇರಲಿಲ್ಲ.

ಅಕ್ಷರ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ತಿರುಗುತ್ತದೆ ಎಂಬುದನ್ನು ನಾವು ನೋಡಲೇ ಇಲ್ಲ. ನಮಗೆ ಸಿಕ್ಕಿದ್ದು ಮುಗಿದುಹೋದ ಅಕ್ಷರ. ನಾನು ನನಗೆ ತೋಚಿದ ಕಡೆಯಿಂದ ಬೆರಳಿಟ್ಟೆ. ಕೊನೆಗೆ ಉಸುಕಿನಲ್ಲಿ ಕಾಣುವುದು ಅದೇ ಅ ತಾನೆ, ಯಾರು ಕೇಳಬೇಕು? ಆರರಲ್ಲಿ ನಾಲ್ವರು ಕಾಗುಣಿತ ಮುಟ್ಟುವ ಮೊದಲೇ ಶಾಲೆ ಬಿಟ್ಟು ಕಲ್ಲಿನ ಗಣಿಗೆ ಹೋದರು. ನಾನು ಹಟಮಾರಿ, ಉಳಿದೆ. ಓದಿದೆ, ಟೀಚರ್ ಆದೆ, ಓದಲು ಬಾರದ ಮಕ್ಕಳನ್ನು ಓದಿಸುವುದರಲ್ಲಿ ನನಗೂ ಒಂದು ಹೆಸರು ಬಂತು.

ಶೈಲಶ್ರೀಗೆ ಬರುತ್ತೇನೆ ಅಂದೆ. ಅವ್ವನಿಗೆ ಹೇಳಿದಾಗ, "ಅವರ ಕೈ ಹಿಡದು ನೀ ಏನು ಗಳಸ್ತಿ?" ಅಂದಳು. ನಾನು ಹೊರಟದ್ದು ಕರುಣೆಯಿಂದಲ್ಲ. ನನಗೆ ಅವರ ಬಾಯಿಂದ ಒಂದು ಮಾತು ಬೇಕಿತ್ತು. ತಪ್ಪಾಯಿತು ಎನ್ನುವುದೂ ಬೇಡ. 'ನಿನ್ನ ಕೈ ನಾನು ಹಿಡಿಯಲಿಲ್ಲ' ಎಂದರೆ ಸಾಕು. ಮೂವತ್ತೈದು ವರ್ಷದಿಂದ ಆ ಒಂದು ಮಾತಿಗಾಗಿ ಕಾದಿದ್ದೆ.

ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಹೆಂಡತಿ ಶರಣಬಸಮ್ಮ ಬಾಗಿಲಲ್ಲೇ "ಬರ್ರಿ ಟೀಚರ್, ಕುಂದ್ರಿ" ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಮಾಸ್ತರು ಕುರ್ಚಿಯಲ್ಲಿ ಕುಳಿತಿದ್ದರು. ಬೆಳ್ಳಗಿನ ಪಂಚೆ, ಹಣೆಯಲ್ಲಿ ಮೂರು ಗೆರೆ ವಿಭೂತಿ. ಮುಪ್ಪು ಅವರನ್ನು ಇನ್ನಷ್ಟು ಸಜ್ಜನರನ್ನಾಗಿ ಮಾಡಿತ್ತು. ಅದೂ ನನಗೆ ಸಿಟ್ಟು ತರಿಸಿತು.

"ಯಾವ ಊರವ್ವ?"

"ಭಂಕೂರ ಸರ್. ಒಂದನೇ ಇಯತ್ತೆ ನಿಮ್ಮ ಹತ್ರಾನೇ ಓದೀನಿ."

"ಹೌದಾ! ಅಂದ್ರ ನಾನೇ ಕೈ ಹಿಡದು ತಿದ್ದಿಸೀನಿ ಅನ್ನು. ಯಾರ ಮಗಳು?"

"ಶಿವಕಾಂತಮ್ಮನ ಮಗಳು. ಗಣಿ ಕಡಿ ಕೇರಿ."

ಪಂಚೆಯ ಅಂಚು ಸರಿಪಡಿಸಿಕೊಂಡರು. ಆಮೇಲೆ "ನನಗ ಎಲ್ಲಾ ಮಕ್ಕಳೂ ಒಂದೇ ಇದ್ರು ನೋಡವ್ವ" ಎಂದು ನಕ್ಕು, ತೋರುಬೆರಳನ್ನು ನನ್ನ ಮುಂದೆ ಚಾಚಿದರು.

ಅವರು ಅಂಜುತ್ತಾರೆ, ಹಿಂಜರಿಯುತ್ತಾರೆ, ಆಗ ಅವರ ಮುಖ ನೋಡಬೇಕು ಎಂದುಕೊಂಡು ಹೋದವಳು ನಾನು. ಅವರು ನೆಂಟರ ಮನೆಯ ಮಗುವಿಗೆ ಕೊಟ್ಟಂತೆ ಬೆರಳು ಕೊಟ್ಟರು. ಇಷ್ಟು ಸುಲಭವಿತ್ತೇ ಇದು? ಇಷ್ಟು ಸುಲಭವಿದ್ದದ್ದನ್ನು ಆಗ ಯಾಕೆ ಮಾಡಲಿಲ್ಲ? ಕಷ್ಟವಾಗಿದ್ದರೆ ಒಂದು ಪಕ್ಷ ಕ್ಷಮಿಸುತ್ತಿದ್ದೆನೇನೋ.

ದೊಡ್ಡ ಹಾಳೆಯ ಮೇಲೆ ಬರೆದ ಅ ಅಕ್ಷರದ ಮೇಲೆ ಅವರ ಬೆರಳನ್ನು ಇಟ್ಟು ನಡೆಸಿದೆ.

"ಏನ್ರಿ ಸರ್ ಇದು?"

"ತಿಳಿವಲ್ದು."

ಮತ್ತೆ ನಡೆಸಿದೆ. ಐದು ಸಲ, ಎಂಟು ಸಲ. ಅವರ ಬೆರಳು ನನ್ನ ಮುಷ್ಟಿಯೊಳಗೆ ಹೋರಿಯಂತೆ ಎಳೆದಾಡುತ್ತಿತ್ತು. ಕೊನೆಗೆ ರೇಗಿ ಬೆರಳು ಕಿತ್ತುಕೊಂಡು, ಗಾಳಿಯಲ್ಲಿ ತಾವೇ ಒಂದು ಅ ಬರೆದರು. "ಇದು ಅ! ಅ ಅಲ್ಲೇನು ಇದು? ಎಡಗಡಿ ಸುಳಿಯಿಂದ ಹೊಂಡಬೇಕು. ನೀ ಬಾಲದ ಕಡಿಂದ ಉಲ್ಟಾ ಹೊಂಟೀದಿ, ಅದಕ್ಕೇ ನನ್ನ ಬೆರಳಿಗಿ ತಿಳಿವಲ್ದು. ಯಾರು ಕಲಿಸ್ಯಾರ ನಿನಗ ಹಿಂಗ?"

"ನೀವೇ ಸರ್" ಅಂದೆ.

"ನಾನಾ?" ಅವರು ಮನಸಾರೆ ನಕ್ಕರು. "ನಾ ಕೈ ಹಿಡದ ಮಕ್ಕಳು ಯಾರೂ ಹಿಂಗ ಬರಿಯಂಗಿಲ್ಲವ್ವ."

"ಖರೇ ಅದ ಸರ್" ಅಂದೆ. ತಾವು ಹೇಳಿದ್ದೇನೆಂದು ಅವರಿಗೇ ಕೇಳಿಸಲಿಲ್ಲ.

ಅವತ್ತು ಮನೆಗೆ ಬಂದು ಸ್ವರ, ವ್ಯಂಜನ ಎಲ್ಲ ಒಮ್ಮೆ ಬರೆದು ನೋಡಿದೆ. ಅರ್ಧಕ್ಕಿಂತ ಹೆಚ್ಚು ಅಕ್ಷರಗಳನ್ನು ನಾನು ಬಾಲದಿಂದಲೇ ಶುರು ಮಾಡುತ್ತೇನೆ. ಹಾಳೆಯ ಮೇಲೆ ಗೊತ್ತಾಗುವುದಿಲ್ಲ, ಕೈ ನೋಡಿದವರಿಗಷ್ಟೇ ಗೊತ್ತಾಗುತ್ತದೆ. ನನ್ನ ಕೈ ಯಾರು ನೋಡಿದ್ದರು? ಹದಿನೆಂಟು ವರ್ಷ ನಾನೂ ಮಕ್ಕಳ ಬೆರಳು ಹಿಡಿದು ಹೀಗೇ ತಿದ್ದಿಸಿದ್ದೆ. ಒಂದು ಮಗುವನ್ನೂ ಬಿಡದೆ ಹಿಡಿದಿದ್ದೆ. ಆ ಮಕ್ಕಳೆಲ್ಲ ಚೆನ್ನಾಗಿಯೇ ಓದಿದರು, ಬಾಲದಿಂದ ಬರೆದದ್ದಕ್ಕೆ ಯಾರ ಓದೂ ಕೆಡಲಿಲ್ಲ. ಆದರೂ ನಾಚಿಕೆಯಾಯಿತು. ನಾಚಿಕೆ ಪಡಬೇಕಾದವಳು ನಾನಲ್ಲ ಎಂದು ಗೊತ್ತಿದ್ದೂ ಆಯಿತು, ಅದಕ್ಕೆ ಇನ್ನೂ ಸಿಟ್ಟು ಬಂತು.

ಮರುದಿನ ಶಾಲೆ ಮುಗಿಸಿ ಹೋಗಿ, "ಸರ್, ನೀವು ಬರೀರಿ, ನಾ ನೋಡ್ತೀನಿ" ಅಂದೆ. ಅವರು ಕ ಬರೆದರು, ಗ ಬರೆದರು, ಳ ಬರೆದರು. ನಾನು ಅವರ ಕೈಯ ಮೇಲೆ ನನ್ನ ಕೈಯಿಟ್ಟು ದಾರಿ ಕಲಿತೆ. ನಲವತ್ತೊಂದನೆಯ ವಯಸ್ಸಿನಲ್ಲಿ ನಾಗೇಂದ್ರಪ್ಪ ಮಾಸ್ತರು ಕೊನೆಗೂ ನನಗೆ ಅಕ್ಷರ ತಿದ್ದಿಸಿದರು. ಕೈ ಮಾತ್ರ ನಾನೇ ಹಿಡಿಯಬೇಕಾಯಿತು, ಅಷ್ಟೇ.

ಆಮೇಲೆ ಕೆಲಸ ಹಿಡಿತಕ್ಕೆ ಬಂತು. ಅವರ ಬೆರಳಿಗೆ ಗೊತ್ತಿದ್ದ ದಾರಿಯಲ್ಲಿ ನಡೆಸಿದರೆ ಅಕ್ಷರ ಥಟ್ಟನೆ ಬಾಯಿಗೆ ಬರುತ್ತಿತ್ತು. ಕನ್ನಡ ಈ ವಿಷಯದಲ್ಲಿ ಕರುಣೆಯುಳ್ಳದ್ದು. ಅಕ್ಷರದ ಹೆಸರೇ ಅದರ ಉಲಿ, ಒಂದರ ಹಿಂದೊಂದು ಹೇಳುತ್ತ ಹೋದರೆ ಮಾತು ತಾನೇ ಆಗುತ್ತದೆ. ತಿಂಗಳೊಳಗೆ ಎರಡಕ್ಷರದ ಪದ, ಎರಡು ತಿಂಗಳಿಗೆ ಸಣ್ಣ ಸಣ್ಣ ವಾಕ್ಯ. ಒಂದೊಂದು ವಾಕ್ಯ ಮುಗಿದಾಗಲೂ, ಮಕ್ಕಳಿಗೆ ಕೇಳುವಂತೆ, "ಏನು ಓದಿದ್ರಿ ಸರ್, ನಿಮ್ಮ ಮಾತಿನಾಗ ಹೇಳ್ರಿ" ಎಂದು ಕೇಳುತ್ತಿದ್ದೆ. 'ಎತ್ತು ಹೊಲಕ್ಕೆ ಹೋಯಿತು' ಎಂದು ಓದಿದರೆ, ಎತ್ತು ಯಾರದು, ಬಿತ್ತನೆ ಯಾವಾಗ ಎಂಬುದನ್ನೂ ಸೇರಿಸಿ ಹೇಳುತ್ತಿದ್ದರು. ಬುದ್ಧಿ ಎಲ್ಲಿಯೂ ಮುಕ್ಕಾಗಿರಲಿಲ್ಲ.

ಆದರೆ ನನಗೆ ಬೇಕಾದ ಮಾತು ಬರಲಿಲ್ಲ. ಬಂದದ್ದು ಅದರ ತದ್ವಿರುದ್ಧ. ಮನೆಗೆ ಬಂದವರ ಮುಂದೆಲ್ಲ "ನಾ ಕೈ ಹಿಡದು ತಿದ್ದಿಸಿದ ಹುಡುಗಿ ನೋಡ್ರಿ ಇಕಿ" ಎನ್ನುವರು. ದಿನ ಹೋದಂತೆ ಕತೆಗೆ ಕೈಕಾಲು ಮೂಡಿದವು. ನಾನು ಅಳುತ್ತಿದ್ದೆನಂತೆ, ಇವರು ತೊಡೆಯ ಮೇಲೆ ಕೂಡಿಸಿಕೊಂಡು ಅ ಬರೆಸಿದರಂತೆ. ಎರಡು ಸಲ ನಾನು "ಹಂಗಲ್ಲ ಸರ್, ನೀವು ಕೋಲಿನಿಂದ ಗೀಚ್ತಿದ್ರಿ" ಎಂದೆ. "ನೀ ಸಣ್ಣಾಕಿ ಇದ್ದಿ, ನಿನಗ ನೆನಪಿಲ್ಲ" ಎಂದು ಮಾತು ಹಾರಿಸಿದರು. ಬಂದವರು ತಲೆ ಆಡಿಸಿದರು.

ಒಂದು ದಿನ ಅವರ ಜೊತೆ ನೌಕರಿ ಮಾಡಿ ನಿವೃತ್ತರಾದ ಅರುಣಕುಮಾರ ಮಾಸ್ತರು ಬಂದಿದ್ದರು. ನಾನು ಬೆರಳು ಹಿಡಿದು ಓದಿಸುತ್ತಿರುವುದನ್ನು ಫೋಟೋ ತೆಗೆದು, 'ಅಂದು ಗುರು ಶಿಷ್ಯೆಯ ಕೈ ಹಿಡಿದರು, ಇಂದು ಶಿಷ್ಯೆ ಗುರುವಿನ ಕೈ ಹಿಡಿದಳು' ಎಂದು ಬರೆದು ವಾಟ್ಸ್‌ಆ್ಯಪ್‌ಗೆ ಹಾಕಿದರು. ಸಂಜೆಯೊಳಗೆ ಅದು ನಮ್ಮ ಟೀಚರುಗಳ ಗುಂಪಿಗೂ ಬಂತು. ಕೆಳಗೆ ನೂರಾರು ಮುಗಿದ ಕೈಗಳು. ಇನ್ನು ಅದೇ ನಿಜ. ನನ್ನ ಜೊತೆ ಕೂತ ಐದು ಜನರಲ್ಲಿ ನಾಲ್ವರಿಗೆ ಅದನ್ನು ಓದಿ ಸುಳ್ಳೆನ್ನಲೂ ಬರುವುದಿಲ್ಲ.

ಮರುದಿನ ದೊಡ್ಡ ಹಾಳೆಯ ಮೇಲೆ, ದಪ್ಪ ಪೆನ್ನಿನಿಂದ, ಒಂದೊಂದು ಅಕ್ಷರವನ್ನೂ ಎಡಗಡೆಯಿಂದಲೇ ಶುರುಮಾಡಿ ಒಂದು ವಾಕ್ಯ ಬರೆದುಕೊಂಡು ಹೋದೆ. ಶರಣಬಸಮ್ಮ ಹತ್ತಿರವೇ ನೆಲದ ಮೇಲೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು.

"ಇವತ್ತು ಹೊಸ ಪಾಠ ಸರ್. ಜೋರಾಗಿ ಓದ್ರಿ."

ಬೆರಳು ಹಿಡಿದೆ. ಅವರು ಉತ್ಸಾಹದಿಂದ ಶುರು ಮಾಡಿದರು.

"ನೀ... ವು. ನೀವು. ನ... ನ್ನ. ನನ್ನ. ಕೈ. ನೀವು ನನ್ನ ಕೈ..." ಉಸಿರು ತೆಗೆದುಕೊಂಡರು. "ಎಂ... ದೂ. ಎಂದೂ. ಮು... ಟ್ಟ..."

ಬೆರಳು ಟ್ಟ ಮೇಲೆ ನಿಂತಿತು. ನಾನು ಎಳೆಯಲಿಲ್ಲ, ದೂಡಲಿಲ್ಲ, ಹಿಡಿದುಕೊಂಡೇ ಇದ್ದೆ. ಮೊರದ ಸದ್ದೂ ನಿಂತಿತ್ತು.

"ಲಿ... ಲ್ಲ" ಎಂದರು. ಆಮೇಲೆ ಒಂದೇ ಉಸಿರಿಗೆ, ತರಗತಿಗೆ ಪಾಠ ಓದುವ ಧ್ವನಿಯಲ್ಲಿ, "ನೀವು ನನ್ನ ಕೈ ಎಂದೂ ಮುಟ್ಟಲಿಲ್ಲ" ಎಂದು ಪೂರ್ತಿ ಓದಿದರು.

"ಏನು ಓದಿದ್ರಿ ಸರ್? ನಿಮ್ಮ ಮಾತಿನಾಗ ಹೇಳ್ರಿ."

"ಒತ್ತಕ್ಷರ ಸೈತ ಬಂತು ನೋಡು!" ಅಂದರು. ಕಣ್ಣಲ್ಲಿ ನೀರು ತುಂಬಿತ್ತು. "ಮೂರು ಒತ್ತಕ್ಷರ, ಒಂದೂ ತಪ್ಪಿಲ್ಲ."

"ಅರ್ಥ ಹೇಳ್ರಿ ಸರ್."

"ಅಕ್ಷರ ಭಾಳ ದುಂಡಗ ಬರದೀದಿ. ಮೊದಲಿನಂಗ ಉಲ್ಟಾ ಬರದಿಲ್ಲ, ಬೆರಳಿಗೇ ತಿಳೀತು."

ಶರಣಬಸಮ್ಮ ಮೊರ ಕೆಳಗಿಟ್ಟಳು. ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದ ಹೆಂಗಸು ಗಂಡನ ಮುಖವನ್ನೇ ನೋಡುತ್ತ, "ಅಕಿ ಏನು ಹೇಳಿದಳು, ಕೇಳಿಸ್ತೇನ್ರಿ ನಿಮಗ?" ಎಂದಳು.

"ಅಕಿ ಎಲ್ಲಿ ಹೇಳಿದಳು?" ಅಂದರು ಮಾಸ್ತರು. "ಓದಿದಾವ ನಾನು."

ಅರ್ಥವಾಗದೆ ಓದಿದ ಮಗು ಸರಿಯೋ ತಪ್ಪೋ ತಿಳಿಯಲು ಟೀಚರ್ ಮುಖ ನೋಡುತ್ತದೆ. ಅದು ನನ್ನ ಹದಿನೆಂಟು ವರ್ಷದ ಅನುಭವ, ಎಂದೂ ಸುಳ್ಳಾಗಿಲ್ಲ. ನಾಗೇಂದ್ರಪ್ಪ ಮಾಸ್ತರು ನನ್ನ ಮುಖ ನೋಡಲಿಲ್ಲ. ಹಾಳೆ ನೋಡಿದರು, ಕಿಟಕಿ ನೋಡಿದರು, ಮೊರದಲ್ಲಿದ್ದ ಬೇಳೆ ನೋಡಿದರು. ನನ್ನ ಮುಷ್ಟಿಯಿಂದ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು ಪಂಚೆಯ ತುದಿಯಿಂದ ಒರೆಸಿಕೊಂಡರು.

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಶೈಲಶ್ರೀಗೆ ಫೋನ್ ಮಾಡಿ, ಇನ್ನು ನಾನು ಬರಬೇಕಾಗಿಲ್ಲ, ನಿಮ್ಮ ಮಾವನವರಿಗೆ ಚೆನ್ನಾಗಿ ಓದಲು ಬರುತ್ತದೆ ಎಂದು ಹೇಳಿದೆ.