ಕೇಳದೆ ಬಿಟ್ಟ ರಸೀದಿ

ಸ್ತಮಾತಿಯಾ ನಮ್ಮ ಓಣಿಯ ದರ್ಜಿ. ಗಿರಾಕಿಯ ಬಟ್ಟೆಯಲ್ಲಿ ಗೇಣು ಕೂಡ ಕದ್ದವಳಲ್ಲ. ಆದ್ದರಿಂದಲೇ ಅವಳು ಮನೆಮನೆಯ ಕದ ತಟ್ಟಿ, "ಕೆಟ್ಟ ಫ್ರಿಜ್ಜು, ಟೀವಿ ಹಳ್ಳಕ್ಕೆ ಎಸೀಬೇಡ್ರೀ, ಅದರೊಳಗಿನ ವಿಷ ನಮ್ಮ ತೋಟದ ನೀರಿಗೇ ಇಳಿಯುತ್ತೆ. ನನ್ನ ಅಂಗಳಕ್ಕೆ ತನ್ನಿ, ಸರಿಯಾದ ಜಾಗಕ್ಕೆ ತಲುಪಿಸೋ ಜವಾಬ್ದಾರಿ ನಂದು" ಅಂದಾಗ, ಮೂವತ್ತು ಮನೆಯವರೂ ಮರುಮಾತಾಡದೆ ತಂದರು.

ಪುರಸಭೆಯ ಲಾರಿ ನಮ್ಮ ಓಣಿಯ ಮೆಟ್ಟಿಲು ಹತ್ತುವುದಿಲ್ಲ. ಸಾಮಾನನ್ನೆಲ್ಲ ಕೆಳಗೆ ಹೊತ್ತು, ತನ್ನ ಟೆಂಪೋದಲ್ಲಿ ಮರುಬಳಕೆ ಕೇಂದ್ರಕ್ಕೆ ಒಯ್ಯುತ್ತೇನೆಂದು ಒಪ್ಪಿಕೊಂಡವನು ಥೊದೋಸಿಸ್. ಅವನೇನು ದಾರಿಹೋಕನೇ? ಸ್ತಮಾತಿಯಾಳ ಮಗಳು ಅರ್ಗಿರೋಗೆ ದೀಕ್ಷಾಸ್ನಾನದ ದಿನ ಮೈತುಂಬ ಎಣ್ಣೆ ಹಚ್ಚಿ, ಹೆಸರಿಟ್ಟು, ದೇವರ ಮುಂದೆ ಎರಡನೇ ಅಪ್ಪನಾದವನು. ಮಗು ಅವನನ್ನು "ನೊನೋ" ಎಂದು ಕರೆಯುತ್ತದೆ.

"ಕೇಂದ್ರದವರು ರಸೀದಿ ಕೊಡ್ತಾರಂತಲ್ಲೇ, ಇಸ್ಕೊಂಡ್ಯಾ?" ಎಂದು ಸಾಮಾನು ಹೋದ ಮೇಲೆ ಪಕ್ಕದ ಮನೆಯ ಮರಿತ್ಸಾ ಅಜ್ಜಿ ಎರಡು ಸಲ ಕೇಳಿದಳು.

"ಅಯ್ಯೋ ಬಿಡಜ್ಜೀ! ಎಣ್ಣೆ ಹಚ್ಚಿದವನ ಹತ್ರ ಯಾರಾದ್ರೂ ರಸೀದಿ ಕೇಳ್ತಾರಾ? ಮುಖ ಎಲ್ಲಿಡ್ಲಿ ನಾನು?"

ನಿಜವೇ. ನಮ್ಮಲ್ಲಿ ಹಾಗೆ ಕೇಳಿದರೆ ಸಂಬಂಧವೇ ಮುರಿದ ಹಾಗೆ. ಅವಳು ಕೇಳಲಿಲ್ಲ.

ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಹೆಂಗಸರೆಲ್ಲ ಕಾಡುಸೊಪ್ಪು ಕೀಳಲು ಹೊರಡುತ್ತಾರೆ. ಅವಳೂ ಬುಟ್ಟಿ ಹಿಡಿದು ಹಳ್ಳಕ್ಕಿಳಿದಳು. ಬಳ್ಳಿಗಳ ಸಂದಿಯಲ್ಲಿ ಏನೋ ಬೆಳ್ಳಗೆ ಕಂಡಿತು. ಫ್ರಿಜ್ಜು. ಅದರ ಬದಿಯ ಮೇಲೆ ಮಗಳ ಎತ್ತರ ಗುರುತಿಸಿದ ನೀಲಿ ಶಾಯಿಯ ಐದು ಗೆರೆಗಳು: ಅರ್ಗಿರೋ ಮೂರು ವರ್ಷ, ನಾಲ್ಕು ವರ್ಷ... ತನ್ನದೇ ಕೈಬರಹ! ಹಿಂದಿನ ಕಂಪ್ರೆಸರ್ ಕೊಚ್ಚಿ ಕಿತ್ತಿದ್ದರು. ಅಲ್ಲಿಂದ ಸುರಿದ ಎಣ್ಣೆ ಸೊಪ್ಪಿನ ಮೇಲೆ ಹರಿದು ನೀರಿಗಿಳಿದಿತ್ತು. ಆಚೆಗೆ ಮರಿತ್ಸಾ ಅಜ್ಜಿಯ ಒಡೆದ ಟೀವಿ, ತಾಮ್ರಕ್ಕಾಗಿ ಸುಟ್ಟ ವೈರುಗಳ ಕರಿಬೂದಿ, ಮೂವತ್ತು ಮನೆಗಳ ಸಾಮಾನು. ಅವಳು ಕಿತ್ತ ಸೊಪ್ಪನ್ನೆಲ್ಲ ಅಲ್ಲೇ ಚೆಲ್ಲಿ, ನೇರ ಥೊದೋಸಿಸ್‌ನ ಶೆಡ್ಡಿಗೆ ನಡೆದಳು.

"ಸಾಮಾನೆಲ್ಲಾ ಎಲ್ಲಿಗೆ ಹಾಕ್ದೆ?"

"ಕೇಂದ್ರಕ್ಕೆ ಅಕ್ಕಾ. ಇನ್ನೆಲ್ಲಿಗೆ?"

"ಹಾಗಾದ್ರೆ ರಸೀದಿ ಕೊಡು."

ಅವನ ಮುಖ ಕೆಂಪಾಯಿತು. "ನನ್ನ ಹತ್ರ ರಸೀದಿ ಕೇಳ್ತೀಯಾ? ನಿನ್ನ ಮಗಳಿಗೆ ಎಣ್ಣೆ ಹಚ್ಚಿದ ಕೈ ಕಣೇ ಇದು!"

"ಅದಕ್ಕೇ ಇಷ್ಟು ದಿನ ಕೇಳ್ಲಿಲ್ಲ. ಹಳ್ಳಕ್ಕೂ ಎಣ್ಣೆ ಹಚ್ಚಿದ್ದೀಯ, ಈಗ ನೋಡ್ಕೊಂಡೇ ಬಂದೆ."

ಅವನು ಭುಜ ಕುಣಿಸಿದ. "ಆ ಕೇಂದ್ರ ಎಷ್ಟು ದೂರ ಗೊತ್ತಾ? ತಾಮ್ರ ತಗೊಂಡೆ, ಮಿಕ್ಕಿದ್ದು ಬಿಸಾಕ್ದೆ. ನಿನ್ನ ಹೆಸರು ಕೇಳಿ ಎಲ್ಲಾ ಬಾಯ್ಮುಚ್ಕೊಂಡು ಕೊಟ್ರು. ಯಾರಾದ್ರೂ ಒಂದ್ ಮಾತು ಕೇಳಿದ್ರಾ?"

ತಾಮ್ರ ಹೋದರೆ ಹಾಳಾಗಿ ಹೋಗಲಿ. ಈ ಪುಣ್ಯಾತ್ಮ ಮಾರಿಕೊಂಡದ್ದು ಅವಳ ಮಾತನ್ನು. ನೆರೆಯವರು ನಂಬಿದ್ದು ಅವಳನ್ನು, ಅವಳು ನಂಬಿದ್ದು ಇವನನ್ನು!

ಅಂದೇ ಸಂಜೆ ಮೂವತ್ತು ಕದಗಳನ್ನೂ ಮತ್ತೆ ತಟ್ಟಿದಳು. "ನಿಮ್ಮ ಸಾಮಾನು ಹಳ್ಳದಲ್ಲಿದೆ. ತಪ್ಪು ನಂದು. ನಾಳೆ ಎತ್ತೋಕೆ ಬರ್ತೀರಾ?" ಕೆಲವರು ಬೈದರು, ಕೆಲವರು ಮುಖದ ಮೇಲೆಯೇ ಕದ ಹಾಕಿದರು. ಮರಿತ್ಸಾ ಅಜ್ಜಿ ಮಾತ್ರ ಏನೂ ಅನ್ನದೆ ಕೈಗವಸು ಹುಡುಕತೊಡಗಿದಳು. ಅದರಿಂದಲೇ ಸ್ತಮಾತಿಯಾಳಿಗೆ ಹೆಚ್ಚು ನೋವಾಯಿತು.

ಈಸ್ಟರ್ ವಾರದಲ್ಲಿ ಎಣ್ಣೆ ಹಚ್ಚಿದವನು ಮಗುವಿಗೆ ಮೇಣದಬತ್ತಿ, ಹೊಸ ಬೂಟು ತರಬೇಕು. ಗುರುವಾರ ಥೊದೋಸಿಸ್ ಏನೂ ಆಗಿಲ್ಲವೆಂಬಂತೆ ಎರಡನ್ನೂ ಹಿಡಿದು ಬಾಗಿಲಲ್ಲಿ ನಿಂತ. ಹಲ್ಲು ಬೇರೆ ಕಿರಿದ.

ಸ್ತಮಾತಿಯಾ ಹೊಸ್ತಿಲು ಬಿಟ್ಟು ಕದಲಲಿಲ್ಲ.

"ಇವಕ್ಕೆ ರಸೀದಿ ಇದ್ಯಾ?" ಎಂದಳು.

ಅವನು ಎರಡನ್ನೂ ಹಿಡಿದುಕೊಂಡೇ ನಿಧಾನಕ್ಕೆ ಮೆಟ್ಟಿಲಿಳಿದು ಹೋದ.

ಅವಳು ಕದ ಹಾಕಿ ತಿರುಗಿದಳು. ಒಳಗೆ ಅರ್ಗಿರೋ ಹಳೆಯ ಬೂಟು ಆಗಲೇ ಬಿಚ್ಚಿಟ್ಟು, ಬರಿಗಾಲಲ್ಲಿ ನೊನೋನಿಗಾಗಿ ಕಾಯುತ್ತ ಕೂತಿದ್ದಳು.