ಇಕ್ಕಳ ಯಾರ ಕೈಯಲ್ಲಿ

ಕೊರಿಯಾದಲ್ಲಿ ಎಲ್ಲರೂ ವಯಸ್ಸು ಕಡಿಮೆ ಕಾಣಲಿ ಅಂತ ಮುಖಕ್ಕೆ ಏನೇನೋ ಬಳಿದುಕೊಳ್ಳುತ್ತಾರೆ. ನಾನೊಬ್ಬನೇ ಇರಬೇಕು, ನಾಲ್ಕು ವರ್ಷ ಹೆಚ್ಚು ಹೇಳಿಕೊಂಡವನು. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಬೈಯುವ ಮುಂಚೆ ನನ್ನ ಕಷ್ಟವನ್ನೂ ಒಂದಿಷ್ಟು ಕೇಳಿ.

ತಾಷ್ಕೆಂಟಿನಲ್ಲಿ ನಮ್ಮಪ್ಪನಿಗೆ ಆರು ಗಂಡುಮಕ್ಕಳು, ನಾನು ಓಯ್ಬೆಕ್, ಕಡೆಯವನು. ನಮ್ಮಲ್ಲಿ ಚಹಾ ಬಗ್ಗಿಸುವುದು ಮನೆಯ ಕಿರಿಯನ ಕೆಲಸ. ಒಂದೇ ಸಲ ಬಟ್ಟಲು ತುಂಬಿಸಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ತುಂಬಿಸಿದರೆ ಕುಡಿದು ಬೇಗ ಹೊರಡು ಎಂದ ಹಾಗೆ. ಅರ್ಧ ಬಗ್ಗಿಸಬೇಕು, ಖಾಲಿಯಾದ ಕೂಡಲೇ ಮತ್ತೆ ಅರ್ಧ. ಅಪ್ಪ, ಐವರು ಅಣ್ಣಂದಿರು, ಮೂವರು ಚಿಕ್ಕಪ್ಪಂದಿರು. ಇಪ್ಪತ್ತೆಂಟು ವರ್ಷ ನನ್ನ ಕೈಗೆ ಚಹಾ ಕೆಟಲ್ ಅಂಟಿಕೊಂಡಿತ್ತು. ಅಷ್ಟು ವಾದ್ಯಗಳಿರುವಾಗ ನಾನು ಆಳೆತ್ತರದ ಡಬಲ್ ಬೇಸನ್ನೇ ಆರಿಸಿಕೊಂಡದ್ದು ಯಾಕೆ ಗೊತ್ತೇ? ಅದನ್ನು ತಬ್ಬಿಕೊಂಡು ನಿಂತವನ ಕೈಗೆ ಯಾರೂ ಕೆಟಲ್ ಕೊಡಲು ಬರುವುದಿಲ್ಲ.

ಅದರಿಂದ ಪಾರಾಗಿ ಕೊರಿಯಾಕ್ಕೆ ಬಂದರೆ ಇಲ್ಲಿ ಇಕ್ಕಳ ಕಾದು ಕೂತಿತ್ತು. ಮೊದಲ ಆರು ವರ್ಷ ಇಲ್ಲಿನ ಒಂದು ದ್ವೀಪದ ಹೋಟೆಲಿನ ಬ್ಯಾಂಡಿನಲ್ಲಿ ನುಡಿಸಿದೆ. ಬ್ಯಾಂಡಿನಲ್ಲಿ ನಾನೇ ಕಿರಿಯ. ಎಲ್ಲರೂ ಊಟಕ್ಕೆ ಕೂತರೆ ಚಮಚ ಜೋಡಿಸುವವನು ನಾನು, ನೀರು ಕೊಡುವವನು ನಾನು, ಇಕ್ಕಳ ಹಿಡಿದು ಮೇಜಿನ ನಡುವಿನ ಕೆಂಡದ ಮೇಲೆ ಮಾಂಸ ಸುಡುವವನೂ ನಾನು. ನಾನು ಸುಟ್ಟದ್ದನ್ನು ತಿಂದು ಯಾರೂ ಒಂದು ಒಳ್ಳೆಯ ಮಾತು ಆಡಲಿಲ್ಲ. ಆಡುವಂಥದ್ದೇನೂ ಇರಲಿಲ್ಲ ಬಿಡಿ.

ಹಾಗಾಗಿ ಎರಡು ವರ್ಷದ ಹಿಂದೆ ಪಶ್ಚಿಮ ಕರಾವಳಿಯ ಈ ಬಂದರು ಊರಿನ ವಾದ್ಯವೃಂದಕ್ಕೆ ಆಯ್ಕೆಯಾದಾಗ ಇನ್ನು ಇಕ್ಕಳ ಹಿಡಿಯುವುದಿಲ್ಲ ಎಂದು ನಾನು ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದೆ.

ನಮ್ಮ ಡಬಲ್ ಬೇಸ್ ವಿಭಾಗದಲ್ಲಿ ಇದ್ದವರು ಇಬ್ಬರೇ. ಮುಖ್ಯಸ್ಥ ಮೆಂಗ್ ಮೇಷ್ಟ್ರು, ಐವತ್ತೆಂಟು ವರ್ಷ, ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಇನ್ನೊಬ್ಬ ಪ್ಯೋ ದೊಕ್ಸು. ಹನ್ನೊಂದು ವರ್ಷದಿಂದ ಅವನೇ ವಿಭಾಗದ ಕಿರಿಯ, ಹನ್ನೊಂದು ವರ್ಷದಿಂದ ಇಕ್ಕಳ ಅವನ ಕೈಯಲ್ಲೇ. ನಾನು ಸೇರಿದ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಹೋದೆವು. ನಾನು ಹಂದಿ ತಿನ್ನುವುದಿಲ್ಲ ಎಂದು ಮೊದಲೇ ವಿಚಾರಿಸಿಕೊಂಡು ಬಾತುಕೋಳಿ ಹೋಟೆಲು ಹುಡುಕಿ ಇಟ್ಟವನೂ ದೊಕ್ಸುವೇ.

"ನೀವು ಹುಟ್ಟಿದ್ದು ಯಾವ ಇಸವಿ?" ಕೂತ ಕೂಡಲೇ ದೊಕ್ಸು ಕೇಳಿದ. ಇಲ್ಲಿ ಹೆಸರಾದ ಮೇಲೆ ಕೇಳುವ ಪ್ರಶ್ನೆ ಇದೇ. ಇದು ಇತ್ಯರ್ಥವಾಗದೆ ಯಾರನ್ನು ಏನೆಂದು ಕರೆಯಬೇಕೆಂದೇ ಗೊತ್ತಾಗುವುದಿಲ್ಲ. "ನಾನು ಎಂಬತ್ತಾರು."

ಅವನ ಕಣ್ಣಲ್ಲಿ ಹನ್ನೊಂದು ವರ್ಷದ ಆಸೆ ಕಾಣುತ್ತಿತ್ತು. ಇಕ್ಕಳವನ್ನು ಆಗಲೇ ನನ್ನ ಕಡೆಗೆ ಒಂದು ಗೇಣು ಚಾಚಿದ್ದ. ನಾನು ನಿಜವಾಗಿ ಹುಟ್ಟಿದ್ದು ಎಂಬತ್ತೆಂಟರಲ್ಲಿ.

"ಎಂಬತ್ನಾಲ್ಕು" ಅಂದೆ.

ನನ್ನ ಬೋಳು ತಲೆ ಸಾಕ್ಷಿ ಹೇಳಿತು. ದೊಕ್ಸು ಇಕ್ಕಳವನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡ, ಎದ್ದು ನಿಂತು ಸೊಂಟ ಬಗ್ಗಿಸಿ "ಹಾಗಾದ್ರೆ ಅಣ್ಣ ಆದ್ರಿ ನೀವು" ಅಂದ. ಮೆಂಗ್ ಮೇಷ್ಟ್ರು ನನ್ನನ್ನು ಒಂದು ಗಳಿಗೆ ನೋಡಿದರು, ಆಮೇಲೆ ಮಾಂಸ ನೋಡಿದರು, ಏನೂ ಹೇಳಲಿಲ್ಲ.

ಹೀಗೆ ನಾನು ಹುಟ್ಟಿದಾಗಿನಿಂದ ಮೊದಲ ಸಲ ಯಾರಿಗೋ ಅಣ್ಣನಾದೆ. ಅದರ ಸುಖವನ್ನು ಏನೆಂದು ಹೇಳಲಿ! ದೊಕ್ಸು ಮಾಂಸ ಸುಟ್ಟರೆ ಬೆಣ್ಣೆ. ಒಳ್ಳೆಯ ತುಂಡು ಮೊದಲು ಮೇಷ್ಟ್ರ ತಟ್ಟೆಗೆ, ಆಮೇಲೆ ನನ್ನ ತಟ್ಟೆಗೆ. ಬಿಯರನ್ನು ಎರಡು ಕೈಯಲ್ಲಿ ಹಿಡಿದು ಬಗ್ಗಿಸುತ್ತಿದ್ದ, ತಾನು ಕುಡಿಯುವಾಗ ಮರ್ಯಾದೆಗೆಂದು ನನಗೆ ಮುಖ ಕಾಣದ ಹಾಗೆ ಆ ಕಡೆ ತಿರುಗುತ್ತಿದ್ದ. ನನ್ನ ಸ್ಟೂಲು ಹೊತ್ತ, ಮೆಟ್ಟಿಲ ಮೇಲೆ ನನ್ನ ವಾದ್ಯ ಹೊತ್ತ. ನನ್ನ ಹುಟ್ಟುಹಬ್ಬಕ್ಕೆ ಒಂದು ಪುಟ್ಟ ಬೆಳ್ಳಿಬಣ್ಣದ ಇಲಿ ತಂದುಕೊಟ್ಟ. ಇಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಪ್ರಾಣಿ, ಎಂಬತ್ನಾಲ್ಕು ಇಲಿಯ ವರ್ಷವಂತೆ. ಅದನ್ನು ನನ್ನ ಬೇಸಿನ ಚೀಲದ ಜಿಪ್ಪಿಗೆ ತಾನೇ ಕಟ್ಟಿದ.

ತೊಂದರೆ ಎಲ್ಲಿ ಶುರುವಾಯಿತೆಂದರೆ, ಅವನು ಬರೀ ಕೆಲಸ ಮಾಡಿಕೊಟ್ಟು ಸುಮ್ಮನಿರಲಿಲ್ಲ. ನನ್ನನ್ನು ನಿಜವಾಗಿಯೂ ಅಣ್ಣ ಅಂದುಕೊಂಡುಬಿಟ್ಟ. ಚಳಿಗಾಲದಲ್ಲಿ ನನಗೆ ಜ್ವರ ಬಂದಾಗ ಮೂರು ದಿನ ನನ್ನ ಕೋಣೆಯಲ್ಲೇ ಇದ್ದು ಗಂಜಿ ಕಾಯಿಸಿದ. ಬೇಕರಿಯ ಹುಡುಗಿ ಮಿನ್‌ಜೊಂಗಳನ್ನು ಮದುವೆಗೆ ಕೇಳಲೋ ಬೇಡವೋ ಎಂದು ನನ್ನ ಬಳಿ ಬಂದು ಕೂತ. ಮದುವೆಯ ವಿಚಾರದಲ್ಲಿ ನನ್ನ ಅನುಭವ ದೊಡ್ಡ ಸೊನ್ನೆ. ಆದರೂ ಅಣ್ಣನ ಗತ್ತಿನಲ್ಲಿ, "ಲೋ, ಗಂಡಸಾಗಿ ಇಷ್ಟು ಹೆದರ್ತಾರೇನೋ? ನಾಳೇನೇ ಹೋಗಿ ಕೇಳು" ಅಂದೆ. ಕೇಳಿದ. ಅವಳು ಒಪ್ಪಿದಳು. ಅಂದಿನಿಂದ ನನ್ನ ಮಾತು ಅವನಿಗೆ ವೇದವಾಯಿತು.

ಅಕ್ಟೋಬರಿನಲ್ಲಿ ಮದುವೆ ನಿಶ್ಚಯವಾಯಿತು. ಒಂದು ದಿನ ಅಭ್ಯಾಸ ಮುಗಿದ ಮೇಲೆ ಬಂದು ನೆಲ ನೋಡುತ್ತಾ ಹೇಳಿದ: "ಅಪ್ಪ ಇಲ್ಲ, ಅಣ್ಣನೂ ಇಲ್ಲ ನಂಗೆ. ಮದುವೆ ದಿನ ಬಾಗಿಲ ಹತ್ರ ಮನೆಯವರ ಸಾಲಲ್ಲಿ ನಿಂತು ಬಂದೋರನ್ನ ಕರೀಬೇಕು. ಅಮ್ಮನ ಪಕ್ಕ ನೀವು ನಿಂತ್ಕೋತೀರಾ, ಅಣ್ಣ?"

ಈ ದೇಶದಲ್ಲಿ ಎಂಟು ವರ್ಷವಾಗಿತ್ತು. ಎಷ್ಟೋ ಮದುವೆಗಳಲ್ಲಿ ನುಡಿಸಿದ್ದೆ, ಯಾರೂ ಮನೆಯವರ ಸಾಲಿಗೆ ಕರೆದಿರಲಿಲ್ಲ. ಆಗಲೇ ನಿಜ ಹೇಳಬೇಕಿತ್ತು. "ನಿಂತ್ಕೋತೀನಿ ಕಣೋ" ಅಂದೆ. ಆಮೇಲೆ ಮನೆಗೆ ಹೋಗಿ, ಹೇಳಿದರೆ ಆ ಜಾಗ ಹೋಗುತ್ತದಲ್ಲಾ ಎಂದು ಹೊಟ್ಟೆ ಕಿವುಚಿಕೊಂಡು ಕೂತೆ.

ಹೊಟ್ಟೆಯೇ ನನ್ನನ್ನು ಹಿಡಿದುಕೊಟ್ಟದ್ದು. ಮಾರನೆಯ ದಿನ ಅಭ್ಯಾಸದಲ್ಲಿ ನಾನು ಹೊಟ್ಟೆ ಹಿಡಿದುಕೊಂಡದ್ದನ್ನು ದೊಕ್ಸು ನೋಡಿಬಿಟ್ಟ. ಇಲ್ಲಿ ಸರ್ಕಾರದ ಆರೋಗ್ಯ ತಪಾಸಣೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ವರ್ಷ ಸಮಸಂಖ್ಯೆಯ ಇಸವಿಯಲ್ಲಿ ಹುಟ್ಟಿದವರ ಸರದಿ. ನಲವತ್ತು ತುಂಬಿದ ವರ್ಷದಿಂದ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡುವುದೂ ಅದರಲ್ಲಿ ಸೇರುತ್ತದೆ.

"ಅಣ್ಣ, ನಿಮಗೆ ಈ ವರ್ಷ ನಲವತ್ತು! ಕ್ಯಾಮೆರಾ ಬಿಡಿಸಲೇಬೇಕು" ಅಂದ.

"ನಂಗೇನೂ ಆಗಿಲ್ಲ ಕಣೋ. ಖಾರ ಜಾಸ್ತಿ ಆಗಿರ್ಬೇಕು."

"ನಮ್ಮಪ್ಪನೂ ಖಾರ ಜಾಸ್ತಿ ಆಯ್ತು ಅಂತಾನೇ ಅಂದಿದ್ದು. ಗೊತ್ತಾಗೋ ಹೊತ್ತಿಗೆ ತಡ ಆಗಿತ್ತು." ಆಗಲೇ ಫೋನು ತೆಗೆದು ಆಸ್ಪತ್ರೆಯ ನಂಬರು ಹುಡುಕತೊಡಗಿದ. "ನಾನೇ ಜೊತೇಲಿ ಬರ್ತೀನಿ. ಮಂಪರು ಬರೋ ಔಷಧಿ ಕೊಟ್ರೆ ಜೊತೆಗೆ ಮನೆಯೋರು ಒಬ್ರು ಇರ್ಬೇಕಂತೆ."

ಮನೆಯೋರು ಎಂದ ಮೇಲೆ ಒಪ್ಪಲೇಬೇಕಾಯಿತು.

ತಪಾಸಣೆಯ ಹಿಂದಿನ ರಾತ್ರಿಯಿಂದ ನೀರೂ ಕುಡಿಯದ ಹಾಗೆ ಫೋನು ಮಾಡಿ ಮಾಡಿ ಕಾವಲು ಕಾದ. ಬೆಳಿಗ್ಗೆ ಎಂಟಕ್ಕೆ ಕುಂಬಳಕಾಯಿ ಗಂಜಿಯ ಫ್ಲಾಸ್ಕು ಕಂಕುಳಲ್ಲಿ ಇಟ್ಟುಕೊಂಡು ಬಂದ. ನನ್ನದೊಂದು ಉಪಾಯವಿತ್ತು: ಕೌಂಟರಿನ ನರ್ಸಿನ ಕಿವಿಯಲ್ಲಿ ಮೆಲ್ಲಗೆ ವಿಷಯ ಹೇಳಿ, ಇವತ್ತು ಯಂತ್ರ ಕೆಟ್ಟಿದೆ ಅನ್ನಿಸಿಬಿಡುವುದು. ಆದರೆ ಆಸ್ಪತ್ರೆಗೆ ಹೋದ ಕೂಡಲೇ ದೊಕ್ಸು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಖಾಲಿ ಹೊಟ್ಟೇಲಿ ನಿಂತ್ಕೋಬೇಡಿ" ಎಂದು ನನ್ನ ಗುರುತಿನ ಕಾರ್ಡು ಕಿತ್ತುಕೊಂಡು ತಾನೇ ಕೌಂಟರಿಗೆ ಹೋದ. ಆ ಕಾರ್ಡಿನ ನಂಬರು ಶುರುವಾಗುವುದೇ ಹುಟ್ಟಿದ ತಾರೀಕಿನಿಂದ.

ನರ್ಸಿನದು ಮೈಕು ಬೇಡದ ಗಂಟಲು. "ಓಯ್ಬೆಕ್ ಅನ್ನೋರು ಯಾರ್ರೀ? ಎಂಬತ್ತೆಂಟರಲ್ಲಿ ಹುಟ್ಟಿದೋರು! ನಿಮಗಿನ್ನೂ ಮೂವತ್ತಾರು. ಹೊಟ್ಟೆ ಕ್ಯಾಮೆರಾಗೆ ನಾಲ್ಕು ವರ್ಷ ಬಿಟ್ಟು ಬನ್ನಿ!"

ಕಾಯುತ್ತಿದ್ದ ಮುದುಕಮ್ಮಂದಿರೆಲ್ಲ ನನ್ನ ಬೋಳು ತಲೆಯ ಕಡೆ ತಿರುಗಿದರು. "ಅಯ್ಯೋ, ಮೂವತ್ತಾರಾ ಇದು?" ಎಂದು ಒಬ್ಬಳು ಮರುಗಿದಳು.

ದೊಕ್ಸು ಕಾರ್ಡು ನೋಡಿದ. ಬೆರಳು ಮಡಚಿ ಏನೋ ಎಣಿಸಿದ. ಎಣಿಸಲು ಎರಡೇ ಬೆರಳು ಸಾಕಾಯಿತು. ನನ್ನ ಹತ್ತಿರ ಬಂದ.

"ನಾನು ಹುಲಿ ವರ್ಷದೋನು" ಅಂದ. "ನೀವು?"

"ಡ್ರ್ಯಾಗನ್" ಅಂದೆ. ಧ್ವನಿ ಇಲಿಯದೇ ಇತ್ತು.

ಅವನು ಕೂಗಾಡಲಿಲ್ಲ. ಫ್ಲಾಸ್ಕನ್ನು ನನ್ನ ಪಕ್ಕದ ಕುರ್ಚಿಯ ಮೇಲಿಟ್ಟ. "ತಣ್ಣಗಾಗೋದ್ರೊಳಗೆ ತಿನ್ನಿ, ಓಯ್ಬೆಕ್ ಅವರೇ" ಎಂದು ಹೊರಟುಹೋದ.

ಓಯ್ಬೆಕ್ ಅವರೇ! ಬ್ಯಾಂಕಿನವರು ಕರೆಯುವುದು ಹಾಗೆ. ಗಂಜಿಯನ್ನು ಅಲ್ಲೇ ಕೂತು ಕಡೆಯ ಚಮಚದವರೆಗೂ ತಿಂದೆ.

ಆಮೇಲಿನ ಹತ್ತು ದಿನ ನರಕ. ದೊಕ್ಸು ನನ್ನನ್ನು ಒಂದು ಮಾತೂ ಬೈಯಲಿಲ್ಲ. "ಓಯ್ಬೆಕ್ ಅವರೇ, ದಯವಿಟ್ಟು ಪುಟ ತಿರುಗಿಸ್ತೀರಾ?" "ಓಯ್ಬೆಕ್ ಅವರೇ, ತಮಗೆ ಅಡ್ಡ ಆಗ್ತಿದೀನಾ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಐವರು ಅಣ್ಣಂದಿರ ಕೈಯಲ್ಲಿ ಬೈಸಿಕೊಂಡು ಬೆಳೆದ ಚರ್ಮ ಇದು. ಈ ಮರ್ಯಾದೆಯನ್ನು ತಡೆಯುವುದು ಹೇಗೆ? ಕ್ಷಮೆ ಕೇಳಲು ಹೋದರೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಜಾಗ ಖಾಲಿ ಮಾಡುತ್ತಿದ್ದ. ಮದುವೆಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇಲಿಯನ್ನು ಬಿಚ್ಚಿಡಲು ಎರಡು ಸಲ ಹೋಗಿ ಎರಡು ಸಲವೂ ಕೈ ಬರಲಿಲ್ಲ.

ಹನ್ನೊಂದನೆಯ ದಿನ, ಶನಿವಾರ, ಬೆಳಗಿನ ಸಂಗೀತ ಕಚೇರಿ ಮುಗಿಸಿ ಮೂವರೂ ಅದೇ ಬಾತುಕೋಳಿ ಹೋಟೆಲಿನಲ್ಲಿ ಕೂತೆವು. ವಿಭಾಗದ ಊಟ ತಪ್ಪಿಸುವಂತಿಲ್ಲ. ಕೆಂಡ ಬಂತು, ಮಾಂಸ ಬಂತು, ಇಕ್ಕಳ ಮೇಜಿನ ನಡುವೆ ಬಿದ್ದುಕೊಂಡಿತು. ದೊಕ್ಸು ಕೈ ಕಟ್ಟಿ ಕೂತಿದ್ದ. ಹದಿಮೂರು ವರ್ಷದಲ್ಲಿ ಮೊದಲ ಸಲ.

ಚಮಚ ಜೋಡಿಸಿದೆ. ನೀರು ಕೊಟ್ಟೆ. ಇಕ್ಕಳ ತೆಗೆದುಕೊಂಡೆ.

ಮಾಂಸ ಹಾಕಿದೆ, ತಿರುಗಿಸಿದೆ, ಮತ್ತೆ ತಿರುಗಿಸಿದೆ. ಒಂದು ಕಡೆ ಹಸಿ, ಇನ್ನೊಂದು ಕಡೆ ಕರಿ. ಕೊಬ್ಬು ಕೆಂಡಕ್ಕೆ ಬಿದ್ದು ಬೆಂಕಿ ಎದ್ದಿತು. ಮೆಂಗ್ ಮೇಷ್ಟ್ರು ಒಂದು ಕರಿ ತುಂಡನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದರು. ನಿಟ್ಟುಸಿರು ಬಿಟ್ಟರು.

"ಇದಕ್ಕೇ ನಾನು ಬಾಯಿ ಬಿಟ್ಟಿರ್ಲಿಲ್ಲ" ಅಂದರು.

"ಏನು ಮೇಷ್ಟ್ರೇ?" ದೊಕ್ಸು ಕೇಳಿದ.

"ಇವನನ್ನ ಆರಿಸಿದ್ದು ನಾನೇ ಅಲ್ವೇನಯ್ಯಾ? ಅರ್ಜೀಲಿ ಎಂಬತ್ತೆಂಟು ಅಂತ ಬರೆದಿತ್ತು. ಹೋಟೆಲಿನ ಬ್ಯಾಂಡಿನವರನ್ನ ವಿಚಾರಿಸಿದೆ. ಹುಡುಗ ಚೆನ್ನಾಗಿ ನುಡಿಸ್ತಾನೆ, ಕೈಗೆ ಇಕ್ಕಳ ಮಾತ್ರ ಕೊಡಬೇಡಿ ಅಂದ್ರು." ಮೇಷ್ಟ್ರು ನೀರು ಕುಡಿದರು. "ಇವನಾಗಿಯೇ ಎಂಬತ್ನಾಲ್ಕು ಅಂದ. ನಾನ್ಯಾಕೆ ಬೇಡ ಅನ್ಲಿ? ಎರಡು ವರ್ಷ ಚೆನ್ನಾಗಿ ತಿಂದೆ."

ದೊಕ್ಸುವಿನ ಮುಖ ಕೆಂಡದಂತಾಯಿತು. ಅಷ್ಟು ಹಿರಿಯರನ್ನು ಬೈಯುವಂತಿಲ್ಲ. ಹೋಟೆಲಿನವಳನ್ನು ನೋಡಿದ, ಅವಳೂ ಹಿರಿಯಳೇ. ಸುತ್ತ ನೋಡುತ್ತಾ ಬಂದು ಅವನ ಕಣ್ಣು ನನ್ನ ಮೇಲೆ ನಿಂತಿತು. ಇಡೀ ವಿಭಾಗದಲ್ಲಿ ಅವನು ಬಾಯಿ ತುಂಬ ಬೈಯಬಹುದಾದ ಪ್ರಾಣಿ ನಾನೊಬ್ಬನೇ, ಅದು ಅವನಿಗೆ ಆಗ ಹೊಳೆಯಿತು.

"ಲೋ!" ಅಂದ.

ಆಹಾ! ಆ ಲೋ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯೂ ಇತ್ತು ಅನ್ನಿ.

"ಲೋ, ಮಾಂಸ ಏನು ಹಾಸಿಗೇನೇನೋ, ಹಾಗೆ ಮಗುಚಿ ಮಗುಚಿ ಹಾಕ್ತೀಯಾ? ಒಂದೇ ಸಲ ತಿರುಗಿಸ್ಬೇಕು ಕಣೋ, ಒಂದೇ ಸಲ! ಎರಡು ವರ್ಷ ಎದುರಿಗೇ ಕೂತು ತಿಂದ್ಯಲ್ಲ, ನೋಡಿಯಾದ್ರೂ ಕಲೀಬಾರ್ದಾ? ನಿನ್ನ ಸ್ಟೂಲು ಹೊತ್ತೆ! ನಿನ್ನ ಹಾಳು ಬೇಸು ಹೊತ್ತೆ! ನಿನ್ನೆದುರು ಗೋಡೆ ನೋಡ್ಕೊಂಡು ಕುಡಿದೆ! ಮದುವೆ ವಿಷಯಾನೂ ನಿನ್ನನ್ನೇ ಕೇಳಿದ್ನಲ್ಲೋ, ಮೂವತ್ತಾರರ ಪೋರನ್ನ!"

"ತಪ್ಪಾಯ್ತು ಅಣ್ಣ" ಅಂದೆ.

ಹದಿಮೂರು ವರ್ಷದಲ್ಲಿ ಈ ವಿಭಾಗದಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ದೊಕ್ಸು ಎಲೆಕೋಸಿನಷ್ಟು ದಪ್ಪ ತುತ್ತು ಕಟ್ಟಿದ. ಸೊಪ್ಪಿನೆಲೆಯೊಳಗೆ ನಾನು ಸುಟ್ಟ ಅತಿ ಕರಿಯ ನಾಲ್ಕು ತುಂಡು, ಹಸಿ ಬೆಳ್ಳುಳ್ಳಿ, ಮೆಣಸಿನಕಾಯಿ. ಅದನ್ನು ತನ್ನ ಕೈಯಾರೆ ನನ್ನ ಬಾಯಿಗೆ ತುರುಕಿದ. ಇಲ್ಲಿ ಹಾಗೆ ತಿನ್ನಿಸುವುದು ಮನೆಯವರಿಗೆ.

"ಕೇಳು" ಅಂದ. "ಮದುವೇಲಿ ಅಣ್ಣನ ಜಾಗದಲ್ಲಿ ನೀನು ನಿಲ್ಲೋ ಹಾಗಿಲ್ಲ. ಅಲ್ಲಿ ಮೇಷ್ಟ್ರು ನಿಂತ್ಕೋತಾರೆ, ಎರಡು ವರ್ಷ ತಿಂದಿದ್ದಕ್ಕೆ."

ನಾನು ತಲೆ ತಗ್ಗಿಸಿದೆ. ಬಾಯಿ ತುಂಬಿದ್ದರಿಂದ ಅಳುವುದಕ್ಕೂ ಆಗಲಿಲ್ಲ.

"ಸಾಲಿನ ಕೊನೇಲಿ ತಮ್ಮನ ಜಾಗ ಖಾಲಿ ಇದೆ" ಅಂದ ದೊಕ್ಸು. "ಅವತ್ತು ಬೆಳಿಗ್ಗೆ ಆರಕ್ಕೇ ಬಾ. ಕುರ್ಚಿ ಜೋಡಿಸೋದಿದೆ."

ಐದೂವರೆಗೇ ಹೋದೆ.